ದಾದಿಯ ಏಕಾಗ್ರತೆ: ನೈಟಿಂಗೇಲರ ಗ್ರಂಥವೂ ಇಂದಿನ ರೋಗಿಸುರಕ್ಷಾ ವಿಚಾರವೂ

೧

ಆಸ್ಪತ್ರೆಯ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಕಟ್ಟಡಗಳನ್ನೂ, ಪ್ರಸಿದ್ಧ ವೈದ್ಯರನ್ನೂ, ಔಷಧಗಳ ಆವಿಷ್ಕಾರವನ್ನೂ ಕುರಿತು ಬರೆಯುತ್ತಾರೆ. ವಾರ್ಡಿನಲ್ಲಿ ಹಗಲಿರುಳು ನಡೆಯುವ ದಾದಿಯ ಕೆಲಸ ಆ ಚರಿತ್ರೆಯಲ್ಲಿ ಬಹುಮಟ್ಟಿಗೆ ಹಿನ್ನೆಲೆಯಾಗಿಯೇ ಉಳಿದಿದೆ. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ತುಂಡಾಗುತ್ತದೆ, ತುಂಡಾದಾಗ ರೋಗಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಈಚಿನ ಮೂರು ನಾಲ್ಕು ದಶಕಗಳಲ್ಲಿ ವೈದ್ಯವಿಜ್ಞಾನಿಗಳೂ ಶುಶ್ರೂಷಾಶಾಸ್ತ್ರದ ಅಧ್ಯಾಪಕರೂ ಗಂಭೀರವಾಗಿ ಎತ್ತಿದ್ದಾರೆ. ‘ರೋಗಿಸುರಕ್ಷೆ’ ಎಂಬ ಹೆಸರಿನಲ್ಲಿ ಒಂದು ದೊಡ್ಡ ಸಾಹಿತ್ಯವೇ ಬೆಳೆದಿದೆ.

ನಾವು ವೈದ್ಯರಲ್ಲ, ಶುಶ್ರೂಷೆಯ ತರಬೇತಿಯನ್ನು ಪಡೆದವರೂ ಅಲ್ಲ. ಹೀಗಿರಲು ಈ ವಿಷಯದಲ್ಲಿ ಇತಿಹಾಸದ ಅಧ್ಯಾಪಕರಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಗ್ರಂಥವೊಂದು ಯಾವ ಕಾಲದಲ್ಲಿ, ಯಾರಿಗಾಗಿ, ಯಾವುದನ್ನು ಹೇಳಿ ಯಾವುದನ್ನು ಹೇಳದೆ ಬಿಟ್ಟಿತೆಂದು ವಿಚಾರಿಸುವುದು ನಮ್ಮ ವೃತ್ತಿಧರ್ಮ. ಆ ದೃಷ್ಟಿಯಿಂದ ಎರಡು ಗ್ರಂಥಗಳನ್ನು ಎದುರುಬದುರಾಗಿ ಇಟ್ಟು ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ. ಮೊದಲನೆಯದು ೧೮೫೯ರಲ್ಲಿ ಪ್ರಕಟವಾದ ಫ್ಲಾರೆನ್ಸ್ ನೈಟಿಂಗೇಲರ ‘ನೋಟ್ಸ್ ಆನ್ ನರ್ಸಿಂಗ್’. ಎರಡನೆಯದು ೧೯೯೯ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ ಹೊರತಂದ ‘ಟು ಅರ್ ಈಸ್ ಹ್ಯೂಮನ್’ ಎಂಬ ವರದಿ. ಇವುಗಳ ಜೊತೆಗೆ, ಎರಡನೆಯದರ ಬೆನ್ನಿಗೆ ಬಂದ ಕೆಲವು ಪರೀಕ್ಷಣಗಳನ್ನೂ ಗಮನಿಸಲಾಗುವುದು. ಒಂದು ಶತಮಾನಕ್ಕೂ ಮಿಕ್ಕ ಅಂತರದಲ್ಲಿ ಹುಟ್ಟಿದ ಈ ಗ್ರಂಥಗಳೆರಡೂ ರೋಗಿಯ ಹಿತವನ್ನೇ ಗುರಿಯಾಗಿ ಉಳ್ಳವು. ಆದರೆ ದಾದಿಯ ಮನಸ್ಸನ್ನು ಇವು ಯಾವ ರೀತಿ ಕಂಡಿವೆ ಎಂಬುದೇ ನಮ್ಮ ಪ್ರಶ್ನೆ.

೨

ನೈಟಿಂಗೇಲರ ಜೀವನಚರಿತ್ರೆ ಎಲ್ಲರಿಗೂ ವಿದಿತವೇ ಇದೆ. ೧೮೨೦ರಲ್ಲಿ ಹುಟ್ಟಿ, ೧೮೫೪ರ ನವೆಂಬರಿನಲ್ಲಿ ೩೮ ಮಂದಿ ದಾದಿಯರೊಡನೆ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ತಲಪಿ, ೧೯೧೦ರಲ್ಲಿ ತೀರಿಕೊಂಡ ಈ ಮಹಿಳೆಯನ್ನು ದೀಪ ಹಿಡಿದು ನಡೆಯುವ ಕರುಣಾಮೂರ್ತಿಯಾಗಿ ಮಾತ್ರ ಕಾಣುವುದು ರೂಢಿ. ಆದರೆ ಆಕೆ ಮುಖ್ಯವಾಗಿ ಸಂಖ್ಯಾಶಾಸ್ತ್ರವನ್ನೂ ವ್ಯವಸ್ಥೆಯನ್ನೂ ನಂಬಿದ ಲೇಖಕಿ. ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ಸೈನಿಕ ಠಾಣೆಗಳಿಂದ ತರಿಸಿದ ಉತ್ತರಗಳನ್ನು ಓದಿ, ೧೮೬೩ರಲ್ಲಿ ಹೊರಬಂದ ರಾಯಲ್ ಕಮಿಷನ್ನಿನ ವರದಿಗೆ ಬಲ ಕೊಟ್ಟವರಲ್ಲಿ ಆಕೆಯೇ ಮುಖ್ಯಳು. ಆಸ್ಪತ್ರೆ ರೋಗಿಗೆ ಕೇಡು ಮಾಡದಿರುವುದೇ ಅದರ ಮೊದಲ ಕರ್ತವ್ಯವೆಂಬ ಭಾವವನ್ನು ಆಸ್ಪತ್ರೆಗಳನ್ನು ಕುರಿತ ತನ್ನ ಇನ್ನೊಂದು ಗ್ರಂಥದ ಮುನ್ನುಡಿಯಲ್ಲಿಯೇ ಆಕೆ ವ್ಯಕ್ತಪಡಿಸಿದ್ದಾಳೆ. ಇಂದಿನ ರೋಗಿಸುರಕ್ಷಾ ವಿಚಾರದ ಬೀಜ ಅಲ್ಲಿದೆಯೆಂದರೆ ತಪ್ಪಾಗಲಾರದು.

‘ನೋಟ್ಸ್ ಆನ್ ನರ್ಸಿಂಗ್’ ದಾದಿಯರಿಗಾಗಿ ಬರೆದ ಪಠ್ಯಪುಸ್ತಕವಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ಮನೆಯಲ್ಲಿ ಇತರರ ಆರೋಗ್ಯವನ್ನು ನೋಡಿಕೊಳ್ಳುವ ಹೊಣೆ ಹೊತ್ತ ಹೆಂಗಸರಿಗಾಗಿ ಅದನ್ನು ಬರೆದುದಾಗಿ ಗ್ರಂಥಕರ್ತೃವೇ ಹೇಳಿದ್ದಾಳೆ. ಗಾಳಿ, ಬೆಳಕು, ಆಹಾರ, ಹಾಸಿಗೆ ಮುಂತಾದವುಗಳ ನಡುವೆ ಗದ್ದಲವನ್ನು ಕುರಿತ ಒಂದು ಅಧ್ಯಾಯವೂ ಇದೆ. ರೋಗಿಯನ್ನು ಹಿಂದಿನಿಂದ ಹಠಾತ್ತಾಗಿ ಮಾತನಾಡಿಸುವುದು, ಆತ ಏನನ್ನೋ ಮಾಡುತ್ತಿರುವಾಗ ಮಧ್ಯೆ ಪ್ರಶ್ನೆ ಹಾಕುವುದು, ಬಾಗಿಲಲ್ಲಿ ನಿಂತು ಪಿಸುಗುಟ್ಟುವುದು, ಇವೆಲ್ಲ ಬರಿಯ ಅಸಭ್ಯತೆಯಲ್ಲ, ರೋಗಿಗೆ ನಿಜವಾದ ಅಪಾಯ ಎಂಬುದು ಆಕೆಯ ವಾದ. ಕಾರ್ಯಭಂಗವೆಂಬುದು ದೇಹಕ್ಕೆ ತಟ್ಟುವ ಗಾಯವೆಂದು ಇಷ್ಟು ಸ್ಪಷ್ಟವಾಗಿ ಕಂಡವರು ಆ ಕಾಲದಲ್ಲಿ ವಿರಳ.

ಆ ಅಧ್ಯಾಯದಲ್ಲಿಯೇ ಒಂದು ಸಣ್ಣ ಮಾತು ಹಾದುಹೋಗುತ್ತದೆ. ಆರೋಗ್ಯವಂತರಾದರೂ ಬಹುಕಾಲ ಬಿಡುವಿಲ್ಲದ ಕಾರ್ಯಭಂಗಕ್ಕೆ ಸಿಕ್ಕಿದರೆ ಅವರ ಬುದ್ಧಿಯೂ ಕ್ರಮೇಣ ಕಲಕುತ್ತದೆ, ನೋವಿಲ್ಲದೆ ಆಗುವ ಹಾನಿಯಾದ ಕಾರಣ ಅವರ ಗಮನಕ್ಕೆ ಬರುವುದಿಲ್ಲ, ರೋಗಿಗಾದರೋ ನೋವೇ ಎಚ್ಚರಿಕೆ ಕೊಡುತ್ತದೆ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ಓದಿದಾಗ ನಮಗೆ ಆಶ್ಚರ್ಯವಾಯಿತು. ಆಸ್ಪತ್ರೆಯಲ್ಲಿ ಬಿಡುವಿಲ್ಲದ ಕಾರ್ಯಭಂಗಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡಿರುವ ಆರೋಗ್ಯವಂತ ವ್ಯಕ್ತಿ ಯಾರು? ದಾದಿಯಲ್ಲದೆ ಮತ್ತಾರು? ಆದರೆ ಗ್ರಂಥಕರ್ತೃ ತನ್ನ ವಾಕ್ಯವನ್ನು ಆ ಕಡೆಗೆ ತಿರುಗಿಸುವುದಿಲ್ಲ. ರೋಗಿಯ ವಿಷಯಕ್ಕೆ ದೃಷ್ಟಾಂತವಾಗಿ ಅದನ್ನು ಬಳಸಿ ಮುಂದೆ ಸಾಗುತ್ತಾಳೆ.

ದಾದಿಯ ಶ್ರಮವನ್ನು ಆಕೆ ಕಾಣಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ೧೮೫೩ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಶುಶ್ರೂಷಾಲಯದ ಹೊಣೆ ಹೊರುವ ಮುನ್ನ ಲೇಡಿ ಕ್ಯಾನಿಂಗಳಿಗೆ ಬರೆದ ಪತ್ರದಲ್ಲಿ, ಪ್ರತಿ ಅಂತಸ್ತಿಗೂ ಕೊಳಾಯಿಯ ಮೂಲಕ ಬಿಸಿನೀರು ಬರಬೇಕೆಂದೂ, ಊಟವನ್ನು ಮೇಲಕ್ಕೆತ್ತುವ ಯಂತ್ರ ಬೇಕೆಂದೂ, ರೋಗಿಗಳ ಗಂಟೆಗಳು ಆಯಾ ಅಂತಸ್ತಿನ ದಾದಿಯ ಬಾಗಿಲ ಹೊರಗೆ ಬಾರಿಸಬೇಕೆಂದೂ, ಯಾವ ಗಂಟೆ ಬಾರಿಸಿತೆಂಬುದು ಆಮೇಲೂ ಕಾಣುವಂತೆ ಒಂದು ಗುರುತು ತೆರೆದುಕೊಂಡೇ ಇರಬೇಕೆಂದೂ ಆಕೆ ಕೇಳಿದಳು. ದಾದಿಯ ಕಾಲಿನ ಶ್ರಮವನ್ನು ಉಳಿಸಿದ ಈ ದೃಷ್ಟಿ ಮೆಚ್ಚತಕ್ಕದ್ದು. ಆದರೆ ಗಂಟೆ ಬಾರಿಸುವ ಹೊತ್ತಿಗೆ ದಾದಿ ಏನು ಮಾಡುತ್ತಿದ್ದಳು, ಅದನ್ನು ಅರ್ಧಕ್ಕೆ ಬಿಡಬಹುದೆ, ಎಂಬ ಪ್ರಶ್ನೆ ಅಲ್ಲಿ ಇಲ್ಲ. ಕರೆದೊಡನೆ ಓಗೊಡುವವಳೇ ಒಳ್ಳೆಯ ದಾದಿ ಎಂಬ ಆದರ್ಶ ಹೀಗೆ ನೆಲೆಗೊಂಡಿತು.

ಈ ಲೋಪವನ್ನು ದೋಷವೆನ್ನುವ ಮುನ್ನ ಕಾಲವನ್ನು ಗಮನಿಸಬೇಕು. ೧೮೫೯ರ ದಾದಿಯ ಕೈಯಲ್ಲಿ ಇಂದಿನಷ್ಟು ತೀಕ್ಷ್ಣವಾದ ಔಷಧಗಳಿರಲಿಲ್ಲ. ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವ ದ್ರವಗಳಾಗಲಿ, ಇನ್ಸುಲಿನ್ನಾಗಲಿ, ಒಂದಕ್ಕೊಂದು ಹೋಲುವ ಹೆಸರಿನ ಹತ್ತಾರು ಮಾತ್ರೆಗಳಾಗಲಿ ಇರಲಿಲ್ಲ. ರೋಗಿ ಸಾಯುತ್ತಿದ್ದುದು ಹೆಚ್ಚಾಗಿ ಕೊಳೆಯಿಂದ, ಅಲಕ್ಷ್ಯದಿಂದ. ಆದಕಾರಣ ಅಂದಿನ ಸುಧಾರಕಿಗೆ ದಾದಿಯ ಸನ್ನಿಧಿಯೇ ಮುಖ್ಯವಾಗಿತ್ತು. ಏಕಾಗ್ರತೆಯ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. ನಾವು ಆಕ್ಷೇಪಿಸುವುದು ಆಕೆಯನ್ನಲ್ಲ, ಆಕೆಯ ಆದರ್ಶವನ್ನು ಕಾಲ ಬದಲಾದ ಮೇಲೂ ಹಾಗೆಯೇ ಉಳಿಸಿಕೊಂಡು ಬಂದವರನ್ನು.

೩

ಇನ್ನು ೧೯೯೯ರ ವರದಿಗೆ ಬರೋಣ. ‘ತಪ್ಪುವುದು ಮನುಷ್ಯಸಹಜ’ ಎಂದು ಅರ್ಥ ಬರುವ ಅದರ ಶೀರ್ಷಿಕೆ ಅಲೆಕ್ಸಾಂಡರ್ ಪೋಪ್ ಕವಿ ೧೭೧೧ರಲ್ಲಿ ಪ್ರಕಟಿಸಿದ ಪದ್ಯಪ್ರಬಂಧದಿಂದ ಬಂದುದು. ಆ ಪ್ರಬಂಧದ ವಿಷಯ ವಿಮರ್ಶೆಯೆಂಬುದು ಇಲ್ಲಿ ಸ್ವಾರಸ್ಯಕರ. ಅಮೆರಿಕದ ಆಸ್ಪತ್ರೆಗಳಲ್ಲಿ ಚಿಕಿತ್ಸೆಯ ತಪ್ಪುಗಳಿಂದ ವರ್ಷಕ್ಕೆ ೪೪,೦೦೦ದಿಂದ ೯೮,೦೦೦ ಜನ ಸಾಯುತ್ತಿರಬಹುದೆಂಬ ಅಂದಾಜು ಆ ವರದಿಯಿಂದ ಲೋಕಕ್ಕೆಲ್ಲ ತಿಳಿಯಿತು. ಈ ಅಂಕಿಗಳು ನೇರವಾಗಿ ಎಣಿಸಿ ಬಂದವಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ಒಂದು, ಕೊಲೊರಾಡೊ ಮತ್ತು ಯೂಟಾ ರಾಜ್ಯಗಳಲ್ಲಿ ಇನ್ನೊಂದು, ಹೀಗೆ ಎರಡು ಹಿಂದಿನ ಅಧ್ಯಯನಗಳಿಂದ ಇಡೀ ದೇಶಕ್ಕೆ ವಿಸ್ತರಿಸಿ ಪಡೆದವು. ಅಂದಾಜಿನ ವಿಷಯದಲ್ಲಿ ವಿವಾದ ನಡೆಯಿತಾದರೂ ವರದಿಯ ಮೂಲತತ್ತ್ವ ಉಳಿಯಿತು. ತಪ್ಪು ಮಾಡಿದ ವ್ಯಕ್ತಿಯನ್ನು ಹುಡುಕಿ ಶಿಕ್ಷಿಸುವುದರಿಂದ ಮುಂದಿನ ರೋಗಿ ಉಳಿಯುವುದಿಲ್ಲ. ತಪ್ಪಿಗೆ ಎಡೆಕೊಟ್ಟ ವ್ಯವಸ್ಥೆಯನ್ನು ತಿದ್ದಬೇಕು ಎಂಬುದೇ ಆ ತತ್ತ್ವ. ಇಂಗ್ಲಿಷ್ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ನರು ೧೯೯೦ರ ತಮ್ಮ ‘ಹ್ಯೂಮನ್ ಎರರ್’ ಎಂಬ ಗ್ರಂಥದಲ್ಲಿ ಇದಕ್ಕೆ ತಳಹದಿ ಹಾಕಿದ್ದರು. ‘ಸುರಕ್ಷಾ ಸಂಸ್ಕೃತಿ’ ಎಂಬ ಶಬ್ದವಾದರೋ ಆಸ್ಪತ್ರೆಯಲ್ಲಿ ಹುಟ್ಟಿದುದಲ್ಲ. ೧೯೮೬ರ ಚೆರ್ನೋಬಿಲ್ ದುರಂತವನ್ನು ವಿಚಾರಿಸಿದ ಪರಮಾಣುತಜ್ಞರ ಬರವಣಿಗೆಯಿಂದ ಅದು ಪ್ರಚಾರಕ್ಕೆ ಬಂದಿತು.

ಕಾರ್ಯಭಂಗದ ವಿಚಾರಕ್ಕೆ ಮಾದರಿ ಸಿಕ್ಕಿದ್ದು ವಿಮಾನಯಾನದಿಂದ. ೧೯೭೪ರ ಸೆಪ್ಟೆಂಬರ್ ೧೧ರಂದು ಅಮೆರಿಕದ ಷಾರ್ಲಟ್ ನಗರದ ಬಳಿ ವಿಮಾನವೊಂದು ಮಂಜಿನಲ್ಲಿ ಇಳಿಯುವಾಗ ನೆಲಕ್ಕೆ ಬಡಿದು ೭೦ಕ್ಕೂ ಹೆಚ್ಚು ಜನ ಸತ್ತರು. ಚಾಲಕರು ಆ ಹೊತ್ತಿನಲ್ಲಿ ಕೆಲಸಕ್ಕೆ ಸಂಬಂಧಿಸದ ಮಾತುಕತೆಯಲ್ಲಿ ತೊಡಗಿದ್ದರೆಂದು ವಿಚಾರಣೆಯಲ್ಲಿ ಕಂಡುಬಂದಿತು. ಹತ್ತು ಸಾವಿರ ಅಡಿಗಿಂತ ಕೆಳಗೆ ಹಾರುವಾಗ ಚಾಲಕರ ಕೋಣೆಯಲ್ಲಿ ಅನಗತ್ಯವಾದ ಮಾತು ಕೂಡದೆಂಬ ನಿಯಮ ೧೯೮೧ರಲ್ಲಿ ಬಂದಿತು. ಇದೇ ನಿಯಮವನ್ನು ಔಷಧ ಕೊಡುವ ದಾದಿಗೂ ಏಕೆ ಅನ್ವಯಿಸಬಾರದೆಂದು ಅನೇಕರು ಯೋಚಿಸಿದರು.

ಈ ಯೋಚನೆಗೆ ಪ್ರಮಾಣವನ್ನು ಒದಗಿಸಿದುದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಜೊಹಾನಾ ವೆಸ್ಟ್‌ಬ್ರೂಕ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನ. ಎರಡು ಆಸ್ಪತ್ರೆಗಳ ೯೮ ದಾದಿಯರು ೭೨೦ ರೋಗಿಗಳಿಗೆ ೪,೨೭೧ ಸಲ ಔಷಧ ಕೊಟ್ಟುದನ್ನು ಅವರು ಪಕ್ಕದಲ್ಲಿ ನಿಂತು ನೋಡಿ ಬರೆದುಕೊಂಡರು. ಅರ್ಧಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕಾರ್ಯಭಂಗವಾಗಿತ್ತು. ಒಂದೊಂದು ಕಾರ್ಯಭಂಗಕ್ಕೂ ತಪ್ಪಿನ ಪ್ರಮಾಣ ಶೇಕಡಾ ೧೨ರಷ್ಟು ಏರುತ್ತಿತ್ತು. ನಾಲ್ಕು ಸಲ ಅಡಚಣೆಯಾದರೆ ಗಂಭೀರವಾದ ತಪ್ಪಿನ ಸಂಭವ ಎರಡರಷ್ಟಾಗುತ್ತಿತ್ತು. ನೈಟಿಂಗೇಲರು ಒಂದು ವಾಕ್ಯದಲ್ಲಿ ಸೂಚಿಸಿ ಬಿಟ್ಟುದಕ್ಕೆ ನೂರೈವತ್ತು ವರ್ಷಗಳ ತರುವಾಯ ಅಂಕಿಗಳು ದೊರೆತವು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ. ಯಾವ ಕಾರ್ಯಭಂಗವೂ ಇಲ್ಲದಿದ್ದಾಗ ಸಹ ಸುಮಾರು ನಾಲ್ಕರಲ್ಲಿ ಒಂದು ಸಂದರ್ಭದಲ್ಲಿ ಔಷಧಕ್ಕೆ ಸಂಬಂಧಿಸಿದ ಯಾವುದಾದರೊಂದು ತಪ್ಪು ನಡೆದಿತ್ತು. ಅವುಗಳಲ್ಲಿ ಬಹುಪಾಲು ಅಪಾಯಕರವಲ್ಲ. ಆದರೂ ಮೌನವೊಂದರಿಂದಲೇ ಸುರಕ್ಷೆ ದೊರೆಯಲಾರದೆಂಬುದಕ್ಕೆ ಇಷ್ಟು ಸಾಕು.

ಅನಂತರ ‘ಔಷಧ ಕೊಡುತ್ತಿದ್ದೇನೆ, ಮಾತನಾಡಿಸಬೇಡಿ’ ಎಂಬ ಅರ್ಥದ ಬರಹವುಳ್ಳ ಮೇಲಂಗಿಯನ್ನು ದಾದಿಯರಿಗೆ ತೊಡಿಸುವ ಪ್ರಯೋಗಗಳು ನಾನಾ ದೇಶಗಳಲ್ಲಿ ನಡೆದವು. ಸಿಡ್ನಿಯ ಸಂಶೋಧಕರೇ ಇದನ್ನು ಎಂಟು ವಾರ್ಡುಗಳಲ್ಲಿ ಪರೀಕ್ಷಿಸಿ ೨೦೧೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅನಗತ್ಯವಾದ ಅಡಚಣೆಗಳು ಕೆಲಮಟ್ಟಿಗೆ ಕಡಿಮೆಯಾದವು. ಆದರೆ ಮೇಲಂಗಿ ಸೆಕೆಯೆಂದೂ, ತೊಡಕೆಂದೂ, ಅದಕ್ಕೆ ಹೊತ್ತು ಹಿಡಿಯುತ್ತದೆಂದೂ ದಾದಿಯರು ಹೇಳಿದರು. ಅದನ್ನು ಕಾಯಂ ನಿಯಮವಾಗಿ ಒಪ್ಪಿದವರು ಅರ್ಧಕ್ಕಿಂತ ಕಡಿಮೆ. ಇನ್ನೊಂದು ಅಂಶವೂ ಗಮನಾರ್ಹ. ಅಡಚಣೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಆ ಔಷಧಕ್ಕೆ ಸಂಬಂಧವೇ ಇಲ್ಲದವು. ಉಳಿದ ಒಂದು ಪಾಲು ಸಂಬಂಧವುಳ್ಳದ್ದು. ಈ ಒಂದು ಪಾಲನ್ನು ಏನು ಮಾಡಬೇಕೆಂಬುದೇ, ನಮ್ಮ ಅಭಿಪ್ರಾಯದಲ್ಲಿ, ಮುಖ್ಯವಾದ ಪ್ರಶ್ನೆ.

೪

ಪಾಶ್ಚಾತ್ಯ ದೇಶಗಳ ಈ ವಿಚಾರವನ್ನು ನಮ್ಮ ವಾರ್ಡುಗಳಿಗೆ ತರುವಾಗ ಎರಡು ಭೇದಗಳನ್ನು ನೆನೆಯಬೇಕು. ಮೊದಲನೆಯದು ಸಂಖ್ಯೆ. ೧೯೪೬ರಲ್ಲಿ ವರದಿ ಒಪ್ಪಿಸಿದ ಭೋರ್ ಸಮಿತಿಯ ಲೆಕ್ಕದಂತೆ ಅವಿಭಕ್ತ ಭಾರತದಲ್ಲಿ ೪೩,೦೦೦ ಜನರಿಗೆ ಒಬ್ಬ ದಾದಿಯಿದ್ದಳು. ಅಂದಿನಿಂದ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದರೂ ದಾದಿಯ ಕೊರತೆಯನ್ನು ರೋಗಿಯ ಕಡೆಯವರಿಂದ ತುಂಬಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ಮುಖ ತೊಳೆಸುವವರು, ಊಟ ಮಾಡಿಸುವವರು, ಬಾಟಲಿ ಖಾಲಿಯಾದೀತೆಂದು ರಾತ್ರಿಯೆಲ್ಲ ಕಾಯುವವರು ನೆಂಟರೇ. ಕಾಯುವವರು ಕರೆಯಲೇಬೇಕಷ್ಟೆ. ನಮ್ಮ ವಾರ್ಡಿನಲ್ಲಿ ‘ಸಿಸ್ಟರ್’ ಎಂಬ ಕೂಗೇ ನೈಟಿಂಗೇಲರ ಗಂಟೆ.

ಎರಡನೆಯದು ಅಂತಸ್ತು. ವಿಮಾನದ ಚಾಲಕ ಬಾಗಿಲು ಮುಚ್ಚಿಕೊಳ್ಳಬಲ್ಲ. ಆತ ತನ್ನ ಕೋಣೆಯ ಒಡೆಯ. ದಾದಿಗೆ ಮುಚ್ಚಿಕೊಳ್ಳಲು ಬಾಗಿಲಿಲ್ಲ. ಆಕೆ ನೆಂಟರಿಗೆ ‘ಸ್ವಲ್ಪ ತಾಳಿ’ ಎನ್ನಬಹುದು. ರೌಂಡ್ಸಿಗೆ ಬಂದ ಹಿರಿಯ ವೈದ್ಯರಿಗೆ ಹಾಗೆನ್ನುವುದು ಕಷ್ಟ. ಮೇಲಿನವರು ಕೆಳಗಿನವರ ಕೆಲಸವನ್ನು ತಡೆಯುವುದು ಅಧಿಕಾರದ ಸಹಜಲಕ್ಷಣವೆಂದೂ, ಕೆಳಗಿನವರು ಮೇಲಿನವರನ್ನು ತಡೆಯುವುದು ಉದ್ಧಟತನವೆಂದೂ ಭಾವಿಸುವ ಸಮಾಜದಲ್ಲಿ ಕಾರ್ಯಭಂಗಗಳ ಸಂಖ್ಯೆಯನ್ನು ಮಾತ್ರ ಎಣಿಸಿದರೆ ಸಾಲದು. ಯಾರು ಯಾರನ್ನು ತಡೆಯಬಲ್ಲರೆಂಬುದನ್ನೂ ಬರೆದುಕೊಳ್ಳಬೇಕು.

ಇಲ್ಲಿ ನಮ್ಮದೇ ಅನುಭವವೊಂದನ್ನು ಹೇಳದೆ ವಿಧಿಯಿಲ್ಲ, ವಾಚಕರು ಮನ್ನಿಸಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಆಸ್ಪತ್ರೆಯೊಂದರಲ್ಲಿ ಹನ್ನೊಂದು ದಿನ ಇದ್ದರು. ಒಂದು ಸಂಜೆ ಎಳೆಯ ವಯಸ್ಸಿನ ದಾದಿಯೊಬ್ಬಳು ಟ್ರಾಲಿಯ ಬಳಿ ನಿಂತು, ಒಂದೊಂದು ಹಾಸಿಗೆಯ ಮಾತ್ರೆಗಳನ್ನೂ ಪುಟ್ಟ ಬಟ್ಟಲುಗಳಿಗೆ ಹಾಕುತ್ತಿದ್ದಳು. ಡಿಸ್ಚಾರ್ಜಿನ ಕಾಗದ ಯಾವಾಗ ಸಿದ್ಧವಾಗುತ್ತದೆಂದು ನಾವು ಕೇಳಿದೆವು. ಅದು ಆ ಹೊತ್ತಿಗೆ ಕೇಳಲೇಬೇಕಾದ ಪ್ರಶ್ನೆಯಾಗಿರಲಿಲ್ಲ. ಮರುದಿನ ಕಾಲೇಜಿನಲ್ಲಿ ಪಾಠವಿತ್ತು, ರಜೆಯ ಅರ್ಜಿ ಬರೆಯಬೇಕಾಗಿತ್ತು, ಅಷ್ಟೆ. ಆಕೆ ತಿರುಗಿ, ವಿನಯದಿಂದ ಉತ್ತರ ಹೇಳಿ, ಮತ್ತೆ ಬಟ್ಟಲಿಗೆ ಕೈ ಹಾಕಿದಳು. ನಮ್ಮ ತಾಯಿಯವರ ಅಂಗೈಗೆ ಮಾತ್ರೆ ಬಿದ್ದಾಗ ಪಕ್ಕದ ಹಾಸಿಗೆಯ ರೋಗಿಯ ತಾಯಿ, ಓದುಬರಹ ಬಾರದ ಮುದುಕಿ, ಕುಳಿತಲ್ಲಿಂದಲೇ ಕೂಗಿದಳು: “ಸಿಸ್ಟ್ರೇ, ಆಯಮ್ಮಂಗೆ ನಿನ್ನೆ ಕೊಟ್ಟಿದ್ದು ಬಿಳೀ ಮಾತ್ರೆ ಕಣವ್ವಾ, ಇದು ಹಳದಿ!” ದಾದಿ ಚೀಟಿ ನೋಡಿದಳು. ಆ ಮಾತ್ರೆ ಆಚೆಯ ಹಾಸಿಗೆಯವರದು.

ಸ್ವಲ್ಪ ಹೊತ್ತಿನ ಮೇಲೆ ಆಕೆ ನಮ್ಮ ಬಳಿ ಬಂದು, “ಸಾರ್, ಯಾರಿಗೂ ಹೇಳಬೇಡಿ, ಮೆಮೊ ಕೊಡ್ತಾರೆ” ಎಂದಳು. ನಾವು ಹೇಳಲಿಲ್ಲ. ಅದನ್ನು ದಯೆಯೆಂದು ಅಂದು ಭಾವಿಸಿದ್ದೆವು. ತಪ್ಪಿನಲ್ಲಿ ನಮ್ಮ ಪಾಲೂ ಇದ್ದುದರಿಂದ ಆ ಮೌನ ನಮಗೂ ಅನುಕೂಲವಾಗಿತ್ತೆಂದು ಈಗ ತೋರುತ್ತದೆ. ಆ ಆಸ್ಪತ್ರೆಯ ದಾಖಲೆಗಳನ್ನು ಮುಂದೊಂದು ದಿನ ಯಾವನಾದರೂ ಇತಿಹಾಸಕಾರ ತೆರೆದರೆ, ಆ ಸಂಜೆ ಆ ವಾರ್ಡಿನಲ್ಲಿ ಏನೂ ನಡೆಯಲಿಲ್ಲವೆಂದೇ ಆತ ಬರೆಯಬೇಕಾಗುತ್ತದೆ.

೫

ಈ ಸಣ್ಣ ಘಟನೆಯಲ್ಲಿ ಎರಡು ಕಾರ್ಯಭಂಗಗಳಿವೆ. ಒಂದು ವಿದ್ಯಾವಂತರದು, ಸಭ್ಯವಾದುದು, ಹಾನಿಗೆ ಕಾರಣವಾಗಬಹುದಾಗಿದ್ದದ್ದು. ಇನ್ನೊಂದು ಅವಿದ್ಯಾವಂತಳದು, ಒರಟಾದುದು, ರೋಗಿಯನ್ನು ಉಳಿಸಿದುದು. ‘ಮಾತನಾಡಿಸಬೇಡಿ’ ಎಂಬ ಮೇಲಂಗಿಯನ್ನು ದಾದಿ ತೊಟ್ಟಿದ್ದರೆ ನಾವು ಪ್ರಾಯಶಃ ಸುಮ್ಮನಿರುತ್ತಿದ್ದೆವು, ಅದು ಲಾಭವೇ. ಆದರೆ ಓದಲು ಬಾರದಿದ್ದರೂ, ಸಿಸ್ಟರನ್ನು ಆ ಹೊತ್ತಿನಲ್ಲಿ ಮಾತನಾಡಿಸಿದರೆ ಬಯ್ಯುತ್ತಾರೆಂದು ಆ ಮುದುಕಿ ನಾಲ್ಕು ದಿನದಲ್ಲಿ ಕಲಿಯುತ್ತಿದ್ದಳು. ಆಗ ಹಳದಿ ಮಾತ್ರೆಯನ್ನು ಕಂಡೂ ಆಕೆ ಬಾಯಿ ಬಿಡದೆ ಇರುವ ಸಂಭವವಿತ್ತು. ಹಾನಿಕರವಾದ ಅಡಚಣೆಯನ್ನೂ ರಕ್ಷಕವಾದ ಎಚ್ಚರಿಕೆಯನ್ನೂ ಒಂದೇ ಅಂಕಣದಲ್ಲಿ ಕೂಡಿಸುವ ವಿಚಾರ, ಎಷ್ಟೇ ಶಾಸ್ತ್ರೀಯವಾಗಿದ್ದರೂ, ಅಪೂರ್ಣವೆನ್ನದೆ ವಿಧಿಯಿಲ್ಲ.

ಮೇಲಂಗಿ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಔಷಧವನ್ನು ಅಳೆಯುವ ಹತ್ತು ನಿಮಿಷ ದಾದಿಯನ್ನು ಅವಳಷ್ಟಕ್ಕೆ ಬಿಡಬೇಕೆಂಬುದು ಒಪ್ಪತಕ್ಕದ್ದೇ. ಆದರೆ ಆ ಹತ್ತು ನಿಮಿಷವನ್ನು ಕೊಡಬೇಕಾದವರು ಯಾರು? ಕಾಗದದ ವಿಚಾರ, ಬಿಲ್ಲಿನ ವಿಚಾರ, ದಾಸ್ತಾನಿನ ವಿಚಾರಗಳನ್ನು ಕೇಳಲು ಬೇರೊಬ್ಬರನ್ನು ನೇಮಿಸಿದ್ದರೆ ನಾವು ದಾದಿಯ ಬಳಿ ಹೋಗುತ್ತಲೇ ಇರಲಿಲ್ಲ. ಫೋನಿಗೆ ಉತ್ತರ ಕೊಡಲು ಇನ್ನೊಬ್ಬರಿದ್ದರೆ ಆಕೆ ಟ್ರಾಲಿಯನ್ನು ಬಿಟ್ಟು ಓಡಬೇಕಾಗಿರಲಿಲ್ಲ. ಕಾರ್ಯಭಂಗಗಳಲ್ಲಿ ಬಹುಪಾಲು ಕೆಟ್ಟ ನಡತೆಯಿಂದ ಹುಟ್ಟುವುದಿಲ್ಲ. ಹಲವರು ಮಾಡಬೇಕಾದ ಕೆಲಸವನ್ನು ಒಬ್ಬಳ ಮೇಲೆ ಹೊರಿಸಿದುದರಿಂದ ಹುಟ್ಟುತ್ತದೆ. ಆ ಹೊರೆಯನ್ನು ಇಳಿಸದೆ ಅಂಗಿಯನ್ನು ಮಾತ್ರ ತೊಡಿಸಿದರೆ ವ್ಯವಸ್ಥೆಯ ದೋಷ ಮರಳಿ ವ್ಯಕ್ತಿಯ ಮೈಮೇಲೆಯೇ ಬಂದು ಕುಳಿತಂತಾಯಿತು. ಇದು ೧೯೯೯ರ ವರದಿಯ ತತ್ತ್ವಕ್ಕೇ ವಿರುದ್ಧ.

ಸುರಕ್ಷಾ ಸಂಸ್ಕೃತಿಯೆಂಬುದು ಇದೆಯೆ ಇಲ್ಲವೆ ಎಂದು ತಿಳಿಯಲು ಎರಡು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ. ವಾರ್ಡಿನಲ್ಲಿ ಎಲ್ಲರಿಗಿಂತ ಕೆಳಗಿನ ಸ್ಥಾನದಲ್ಲಿರುವ ವ್ಯಕ್ತಿ, ಆಯಾ ಆಗಲಿ, ತರಬೇತಿಯ ಹುಡುಗಿಯಾಗಲಿ, ರೋಗಿಯ ಮುದಿತಾಯಿಯಾಗಲಿ, ತಪ್ಪನ್ನು ಕಂಡಾಗ ‘ನಿಲ್ಲಿ’ ಎನ್ನಬಲ್ಲಳೆ? ಹಾಗೆ ನಿಂತ ತಪ್ಪನ್ನು ದಾದಿ ಮೆಮೊದ ಭಯವಿಲ್ಲದೆ ಪುಸ್ತಕದಲ್ಲಿ ಬರೆಯಬಲ್ಲಳೆ? ಈ ಎರಡಕ್ಕೂ ಹೌದೆಂಬ ಉತ್ತರ ಬರದಿದ್ದರೆ ಗೋಡೆಯ ಮೇಲಿನ ಫಲಕಗಳಿಂದ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನಿರ್ಣಯದಂತೆ ೨೦೧೯ರಿಂದ ಸೆಪ್ಟೆಂಬರ್ ೧೭ ರೋಗಿಸುರಕ್ಷಾ ದಿನವಾಗಿ ಆಚರಿತವಾಗುತ್ತಿದೆ. ಆ ದಿನದ ಭಾಷಣಗಳಿಗಿಂತ, ತಪ್ಪಿಹೋದ ಅಪಾಯಗಳನ್ನು ಬರೆದಿಟ್ಟ ಒಂದು ವಾರ್ಡಿನ ಪುಸ್ತಕ ಹೆಚ್ಚು ಬೆಲೆಯುಳ್ಳದ್ದೆಂದು ನಮ್ಮ ನಂಬಿಕೆ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನು ೧೯೦೦ರ ಡಿಸೆಂಬರ್ ೮ರಂದು ಲಾರ್ಡ್ ಕರ್ಜನ್ ಉದ್ಘಾಟಿಸಿದನೆಂಬುದನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಅದಕ್ಕೆ ದಾಖಲೆಯೂ ಇದೆ. ಅಲ್ಲಿ ಮೊದಲ ರಾತ್ರಿಯ ಪಾಳಿ ಮಾಡಿದ ದಾದಿಯ ಹೆಸರನ್ನು ನಾವು ಪಾಠದಲ್ಲಿ ಹೇಳುವುದಿಲ್ಲ. ನಮ್ಮ ನಾಡಿನ ಹಳೆಯ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತರಾದ ದಾದಿಯರು ಇಂದಿಗೂ ಅನೇಕರಿದ್ದಾರೆ. ಅವರನ್ನು ಕಂಡು, ಯಾರು ಅವರನ್ನು ತಡೆಯುತ್ತಿದ್ದರು, ಅವರು ಯಾರನ್ನು ತಡೆದರು, ಯಾವುದನ್ನು ಬರೆಯದೆ ಬಿಟ್ಟರು ಎಂದು ಕೇಳಿ ಬರೆದುಕೊಳ್ಳುವ ಕೆಲಸ ಇನ್ನೂ ಆಗಬೇಕಾಗಿದೆ. ಆ ದಿಕ್ಕಿನಲ್ಲಿ ಒಬ್ಬಿಬ್ಬರಾದರೂ ಹೆಜ್ಜೆಯಿಟ್ಟರೆ ನಮ್ಮ ಈ ಅಲ್ಪ ಪ್ರಯತ್ನ ಸಾರ್ಥಕವಾದಂತೆ.